ಸೊಂಟದಲ್ಲೊಂದು ಹನಿ ನೀರಾವರಿ

ನಮ್ಮ ಕಡೆ ಪಂಪು ಎಂದರೆ ಮೊದಲು ನೆನಪಾಗುವುದು ಬೋರ್‌ವೆಲ್ಲಿನ ಪಂಪ್‌ಸೆಟ್ಟು. "ಮಗಳಿಗೆ ಪಂಪ್ ಹಾಕಿಸಿದೀವಿ" ಎಂದು ಯಾರಾದರೂ ಹೇಳಿದರೆ ಕೇಳಿದವರು ಒಂದು ಗಳಿಗೆ ತಬ್ಬಿಬ್ಬಾಗುವುದು ಸಹಜ. ಮದುವೆಮನೆಯಲ್ಲಿ ಹುಡುಗಿಯ ಸೊಂಟಕ್ಕೆ ಸಿಕ್ಕಿಸಿದ, ಇಸ್ಪೀಟು ಕಟ್ಟಿನಷ್ಟು ಗಾತ್ರದ ಡಬ್ಬಿ ಕಣ್ಣಿಗೆ ಬಿದ್ದರೆ ಯಾರಾದರೊಬ್ಬ ಅಜ್ಜಿ ವಿಚಾರಿಸದೆ ಬಿಡುವುದಿಲ್ಲ.

"ಅದೇನವ್ವಾ, ಮೊಬೈಲಾ?"

"ಅಲ್ಲಜ್ಜಿ, ಶುಗರ್‌ಗೆ ಹಾಕಿರೋ ಮೆಷಿನ್ನು."

"ಅಯ್ಯೋ ಶಿವನೇ, ಇಷ್ಟು ಸಣ್ಣ ವಯಸ್ಸಿಗೇ? ಸಿಹಿ ಜಾಸ್ತಿ ತಿಂತಿದ್ಯೇನವ್ವಾ?"

ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಟೈಪ್ 1 ಮಧುಮೇಹವಿರುವ ಮಕ್ಕಳ ಮನೆಯವರಿಗೆ ಸಾಕುಸಾಕಾಗಿರುತ್ತದೆ. ತಿಂದ ಸಿಹಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಮೇದೋಜ್ಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ಸ್ವಂತ ಕಾವಲು ಪಡೆಯೇ ಶತ್ರುವೆಂದು ಭ್ರಮಿಸಿ ನಾಶ ಮಾಡುತ್ತದೆ. ಆಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದೆ ಗತ್ಯಂತರವಿಲ್ಲ. ಮಾತ್ರೆಯಾಗಿ ನುಂಗಿಸೋಣವೆಂದರೆ ಇನ್ಸುಲಿನ್ ಒಂದು ಪ್ರೋಟೀನು. ಹೊಟ್ಟೆ ಅದನ್ನು ಬೇಳೆಯಂತೆ ಜೀರ್ಣಿಸಿಬಿಡುತ್ತದೆ. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನ 2023ರಲ್ಲಿ ಹೇಳಿತು. ಅವರಲ್ಲಿ ಬಹುಪಾಲು ಟೈಪ್ 2. ಪಂಪಿನ ಕಥೆ ಮುಖ್ಯವಾಗಿ ಉಳಿದ ಸಣ್ಣ ಗುಂಪಿನದು, ಟೈಪ್ 1ರವರದು.

ಡಾಕ್ಟರು ಅರ್ಧ ಗಂಟೆ ವಿವರಿಸುವ ವಿಷಯವನ್ನು ತೋಟ ಮಾಡುವವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಇಂಜೆಕ್ಷನ್ ಎಂದರೆ ಮಡಿಗೆ ನೀರು ಹಾಯಿಸಿದ ಹಾಗೆ; ಪಂಪ್ ಎಂದರೆ ಡ್ರಿಪ್ಪು. ಆರೋಗ್ಯವಂತರ ಮೇದೋಜ್ಜೀರಕ ಇಪ್ಪತ್ನಾಲ್ಕು ಗಂಟೆಯೂ ಇನ್ಸುಲಿನ್ ಒಸರುತ್ತಲೇ ಇರುತ್ತದೆ, ಊಟ ಬಿದ್ದಾಗ ಒಮ್ಮೆ ಜಾಸ್ತಿ ಬಿಡುತ್ತದೆ. ಇದನ್ನು ಅನುಕರಿಸಲು ಇಂಜೆಕ್ಷನ್ ತೆಗೆದುಕೊಳ್ಳುವವರು ದಿನಕ್ಕೊಮ್ಮೆ ನಿಧಾನಗತಿಯ ಇನ್ಸುಲಿನ್ನನ್ನೂ ಪ್ರತಿ ಊಟಕ್ಕೆ ಮುಂಚೆ ವೇಗದ ಇನ್ಸುಲಿನ್ನನ್ನೂ ಚುಚ್ಚಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕೆಂದರೆ ವರ್ಷಕ್ಕೆ 1,460 ಚುಚ್ಚು. ಪಂಪಿನಲ್ಲಿ ವೇಗದ ಇನ್ಸುಲಿನ್ ಒಂದೇ. ಅದನ್ನೇ ಅದು ಹೊಟ್ಟೆಯ ಚರ್ಮದಡಿ ಕೂತ ಮೆತ್ತನೆಯ ನಳಿಕೆಯ ಮೂಲಕ ಕೆಲವು ನಿಮಿಷಕ್ಕೊಮ್ಮೆ ಚೂರುಚೂರೇ ಬಿಡುತ್ತದೆ. ಬಳಕೆದಾರರು ಇದನ್ನು ಬೇಸಲ್ ಎನ್ನುತ್ತಾರೆ. ಊಟಕ್ಕೆ ಗುಂಡಿ ಒತ್ತಿ ಕೊಡುವುದು ಬೋಲಸ್.

ಕೆಲವು ಪಂಪ್‌ಗಳು ಒಂದು ಸಲಕ್ಕೆ 0.025 ಯೂನಿಟ್‌ನಷ್ಟು ಕಡಿಮೆ ಬಿಡಬಲ್ಲವು. ಒಂದು ಮಿಲಿಲೀಟರಿನಲ್ಲಿ 100 ಯೂನಿಟ್ ಇರುವ ಇನ್ಸುಲಿನ್‌ನ ಲೆಕ್ಕದಲ್ಲಿ, ಒಂದು ಹನಿಯನ್ನು ಸುಮಾರು 200 ಪಾಲು ಮಾಡಿದರೆ ಅದರಲ್ಲೊಂದು ಪಾಲು. ಹನಿ ನೀರಾವರಿ ಎಂಬ ಹೋಲಿಕೆಯೇ ಇಲ್ಲಿ ಉತ್ಪ್ರೇಕ್ಷೆ.

ಚುಚ್ಚು ಕಡಿಮೆಯಾಗುವುದೇ ಪಂಪಿನ ಲಾಭ ಎಂದು ಹೊರಗಿನವರು ತಿಳಿಯುತ್ತಾರೆ. ಬಳಸುವವರನ್ನು ಕೇಳಿದರೆ ಬೇರೆಯೇ ಸಂಗತಿ ಹೊರಬರುತ್ತದೆ: ಇದನ್ನು ನಿಲ್ಲಿಸಬಹುದು. ಮಡಿಗೆ ಹಾಯಿಸಿದ ನೀರನ್ನು ವಾಪಸು ಎತ್ತಲಾಗದು. ರಾತ್ರಿ ಚುಚ್ಚಿಕೊಂಡ ನಿಧಾನದ ಇನ್ಸುಲಿನ್ ಮರುದಿನದವರೆಗೂ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ, ನೀವು ಕಬಡ್ಡಿ ಆಡಿದರೂ, ವಾಂತಿಯಾಗಿ ಮಲಗಿದ್ದರೂ. ಪಂಪಿನಲ್ಲಾದರೆ ಆಟಕ್ಕೆ ಮುಂಚೆ ಬೇಸಲ್ ಅರ್ಧಕ್ಕಿಳಿಸಬಹುದು. ಬೆಳಗಿನ ಜಾವ ಮೂರರಿಂದ ಎಂಟರ ನಡುವೆ ಹಾರ್ಮೋನುಗಳ ಒತ್ತಾಯಕ್ಕೆ ಯಕೃತ್ತು ಸಕ್ಕರೆ ಬಿಡುತ್ತದೆ, ಏನೂ ತಿನ್ನದೆಯೂ ಶುಗರ್ ಏರುತ್ತದೆ; ಆ ಹೊತ್ತಿಗೆ ಮಾತ್ರ ಬೇಸಲ್ ಏರಿಸಿಡಬಹುದು.

ಅದೇ ಗುಣದ ಬೆನ್ನಿಗೇ ಅಪಾಯವೂ ಇದೆ. ಡ್ರಿಪ್ ಹಾಕಿದ ಗಿಡದ ಸುತ್ತ ನೆಲದಲ್ಲಿ ತೇವದ ದಾಸ್ತಾನು ಇರುವುದಿಲ್ಲ. ಪೈಪು ಕಟ್ಟಿಕೊಂಡರೆ ಬೇಸಿಗೆಯಲ್ಲಿ ಗಿಡ ಬೇಗ ಬಾಡುತ್ತದೆ. ಪಂಪ್ ಧರಿಸಿದವರ ಮೈಯಲ್ಲೂ ನಿಧಾನದ ಇನ್ಸುಲಿನ್ನಿನ ಆಸರೆ ಇಲ್ಲ. ನಳಿಕೆ ಮಡಚಿಕೊಂಡು ಇನ್ಸುಲಿನ್ ನಿಂತರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರತೊಡಗುತ್ತದೆ. ಬಿಟ್ಟರೆ ಆಸ್ಪತ್ರೆಯ ದಾರಿ. ‘ಮೆಷಿನ್ ಹಾಕಿದ್ಮೇಲೆ ಇನ್ನೇನು ಚಿಂತೆ’ ಎನ್ನುವವರಿಗೆ ತಿಳಿಯದಿರುವುದು ಇದೇ.

ಇಲ್ಲಿಯವರೆಗೆ ಬಂದ ದಾರಿ ಸ್ವಾರಸ್ಯವಾಗಿದೆ. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಈ ಕಾಯಿಲೆಗೆ ಉಪವಾಸವೇ ಚಿಕಿತ್ಸೆಯಾಗಿತ್ತು. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಡಾಕ್ಟರ್ ಆರ್ನಾಲ್ಡ್ ಕಾಡಿಷ್ ಇನ್ಸುಲಿನ್ ತಾನೇ ಬಿಡುವ ಯಂತ್ರ ಕಟ್ಟಿದರು. ಅದನ್ನು ಸೈನಿಕನ ಮೂಟೆಯಂತೆ ಬೆನ್ನಿಗೆ ಹೊರಬೇಕಿತ್ತು. 1970ರ ದಶಕದಲ್ಲಿ ಡೀನ್ ಕೇಮನ್ ಎಂಬ ಅಮೆರಿಕದ ತರುಣ, ವೈದ್ಯಕೀಯ ಓದುತ್ತಿದ್ದ ಅಣ್ಣನ ಮಾತು ಕೇಳಿ, ಮೈಮೇಲೆ ಕಟ್ಟಿಕೊಳ್ಳಬಹುದಾದ ಔಷಧಿ ಪಂಪ್ ಮಾಡಿದ. ಎರಡು ಗಾಲಿಯ ಸೆಗ್‌ವೇ ವಾಹನ ಕಂಡುಹಿಡಿದವನೂ ಇವನೇ. ಆ ಪಂಪಿನ ಒಂದು ಮಾದರಿಗೆ ಬಳಕೆದಾರರು ಇಟ್ಟ ಅಡ್ಡಹೆಸರು ‘ನೀಲಿ ಇಟ್ಟಿಗೆ’. ಚರ್ಮದಡಿ ನಿರಂತರವಾಗಿ ಇನ್ಸುಲಿನ್ ಬಿಟ್ಟರೆ ಸಕ್ಕರೆ ಹತೋಟಿಗೆ ಬರುತ್ತದೆ ಎಂಬುದನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಕಷ್ಟ ಪಡಬೇಕೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1993ರಲ್ಲಿ. ಅಮೆರಿಕ ಮತ್ತು ಕೆನಡಾದ 1,441 ಮಂದಿಯನ್ನು ಸರಾಸರಿ ಆರೂವರೆ ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಪಂಪ್ ಅಥವಾ ದಿನಕ್ಕೆ ಮೂರಕ್ಕಿಂತ ಕಡಿಮೆಯಿಲ್ಲದ ಇಂಜೆಕ್ಷನ್‌ನಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇ 76ರಷ್ಟು ತಗ್ಗಿತ್ತು. ಅವರಲ್ಲೇ ಶುಗರ್ ಅಪಾಯಕರವಾಗಿ ಕುಸಿಯುವುದು ಮೂರು ಪಟ್ಟು ಹೆಚ್ಚಾಗಿತ್ತು. ಹತೋಟಿಯೂ ಬೇಕು, ಕುಸಿತವೂ ಬೇಡ ಎಂಬ ಹಗ್ಗದ ಮೇಲಿನ ನಡಿಗೆ ಅಂದಿನಿಂದ ಇಂದಿನವರೆಗೂ ನಡೆದಿದೆ.

ಪಂಪ್ ಮನೆಗೆ ಬಂದ ಮೊದಲ ವಾರಗಳು ಹನಿಮೂನ್ ಏನಲ್ಲ. ಇಂಜೆಕ್ಷನ್ ಕಾಲದ ಒಟ್ಟು ಡೋಸನ್ನು ಸಾಮಾನ್ಯವಾಗಿ ಶೇ 10ರಿಂದ 25ರಷ್ಟು ಇಳಿಸಿ ಶುರು ಮಾಡುತ್ತಾರೆ, ಆಮೇಲೆ ತಿದ್ದುತ್ತಾ ಹೋಗುತ್ತಾರೆ. ಬೇಸಲ್ ಸರಿಯಿದೆಯೇ ಎಂದು ನೋಡಲು ಒಂದು ಹೊತ್ತಿನ ಊಟ ಬಿಟ್ಟು, ಗಂಟೆಗೊಮ್ಮೆ ಶುಗರ್ ನೋಡಬೇಕು. ಊಟವಿಲ್ಲದಿದ್ದರೂ ಗೆರೆ ಏರದೆ ಇಳಿಯದೆ ಸಾಗಿದರೆ ಪಾಸು. (ಏಕಾದಶಿಗೆ ಹೀಗೊಂದು ಉಪಯೋಗವಿದೆಯೆಂದು ಹಿರಿಯರಿಗೆ ಗೊತ್ತಿರಲಿಲ್ಲ.)

ಎರಡು ಮೂರು ದಿನಕ್ಕೊಮ್ಮೆ ನಳಿಕೆಯ ಸೆಟ್ ಬದಲಿಸುವ ಕೆಲಸ ಮೊದಮೊದಲು ಮುಕ್ಕಾಲು ಗಂಟೆ ತಿನ್ನುತ್ತದೆ. ಫ್ರಿಜ್ಜಿನಿಂದ ಬಾಟಲಿ ತೆಗೆದು ಹೊರಗಿಡಬೇಕು. ತಣ್ಣನೆಯ ಇನ್ಸುಲಿನ್ ತುಂಬಿದರೆ ಅದು ಬೆಚ್ಚಗಾಗುತ್ತಾ ಗಾಳಿಗುಳ್ಳೆ ಬಿಡುತ್ತದೆ. ಗುಳ್ಳೆಯಿರುವಷ್ಟು ಉದ್ದ ನಳಿಕೆಯಲ್ಲಿ ಔಷಧಿ ಇಲ್ಲವೆಂದೇ ಲೆಕ್ಕ. ಪಂಪಿನೊಳಗೆ ಕೂರುವ, ಇನ್ಸುಲಿನ್ ತುಂಬಿದ ಕೊಳವೆಯನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ಟಕ್ ಟಕ್ ತಟ್ಟಿ, ಗುಳ್ಳೆಯನ್ನು ಮೇಲಕ್ಕೆ ತಂದು ಹೊರದಬ್ಬಬೇಕು. ನಳಿಕೆ ಜೋಡಿಸಿ, ಸೂಜಿಯ ತುದಿಯಲ್ಲಿ ಒಂದು ಹನಿ ಮಿನುಗುವವರೆಗೆ ಪಂಪ್ ಓಡಿಸಬೇಕು. ಆಮೇಲೆ ಹೊಕ್ಕುಳಿಂದ ಎರಡು ಮೂರು ಬೆರಳು ದೂರದಲ್ಲಿ, ಹೋದ ಸಲದ ಜಾಗ ಬಿಟ್ಟು, ಸ್ಪಿರಿಟ್ಟಿನಲ್ಲಿ ಒರೆಸಿ, ಆರಲು ಬಿಟ್ಟು, ಸ್ಪ್ರಿಂಗಿನ ಸಾಧನ ಒತ್ತಿದರೆ ‘ಟಪ್’ ಎಂದು ಸೂಜಿ ಇಳಿಯುತ್ತದೆ. ಸೂಜಿ ಎಳೆದು ತೆಗೆದರೆ ಒಳಗುಳಿಯುವುದು ಸುಮಾರು ಆರರಿಂದ ಒಂಬತ್ತು ಮಿಲಿಮೀಟರ್ ಉದ್ದದ ಮೆದು ಕೊಳವೆ ಮಾತ್ರ. ಒಂದೇ ಜಾಗದಲ್ಲಿ ಪದೇಪದೇ ಹಾಕಿದರೆ ಚರ್ಮದಡಿ ಕೊಬ್ಬು ಗಂಟುಗಟ್ಟಿ ಇನ್ಸುಲಿನ್ ಹೀರಿಕೆ ಹಳ್ಳ ಹಿಡಿಯುತ್ತದೆ.

ಸೆಟ್ಟನ್ನು ರಾತ್ರಿ ಮಲಗುವ ಮುಂಚೆ ಬದಲಿಸಬಾರದೆಂಬುದು ಅನುಭವಸ್ಥರು ಹೊಸಬರಿಗೆ ಹೇಳುವ ಮೊದಲ ಮಾತು. ಕೊಳವೆ ಒಳಗೆ ಮಡಚಿಕೊಂಡಿದ್ದರೆ ನಿದ್ದೆಯಲ್ಲಿ ಗೊತ್ತಾಗುವುದಿಲ್ಲ. ಪಂಪ್ ‘ಇನ್ಸುಲಿನ್ ಹರಿಯುತ್ತಿಲ್ಲ’ ಎಂದು ಕೂಗುವುದು ನಳಿಕೆಯಲ್ಲಿ ಒತ್ತಡ ಕಟ್ಟಿದ ಮೇಲೆ; ಬೇಸಲ್ ಕಡಿಮೆಯಿರುವ ಮಕ್ಕಳಲ್ಲಿ ಒತ್ತಡ ಕಟ್ಟಲಿಕ್ಕೇ ಗಂಟೆಗಳು ಬೇಕು. ಅಷ್ಟರಲ್ಲಿ ಶುಗರ್ ಮೇಲೇರಿರುತ್ತದೆ. ಇನ್ನು ಸೋರಿಕೆಯನ್ನು ಪತ್ತೆ ಹಚ್ಚುವುದು ಮೂಗು. ಇನ್ಸುಲಿನ್ ಕೆಡದಂತೆ ಬೆರೆಸುವ ಫಿನಾಲ್ ಜಾತಿಯ ರಾಸಾಯನಿಕಕ್ಕೆ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯದೇ ವಾಸನೆ. ಅಂಗಿ ಎತ್ತಿದಾಗ ಆ ವಾಸನೆ ಬಂದರೆ ಅಮ್ಮಂದಿರು ಮೀಟರು ನೋಡುವ ಮೊದಲೇ ಹೊಸ ಸೆಟ್ಟಿನ ಪ್ಯಾಕೆಟ್ಟಿಗೆ ಕೈ ಹಾಕುತ್ತಾರೆ. ಶುಗರ್ 250 ದಾಟಿ ಇಳಿಯದೆ ಕೂತರೆ ಪಂಪನ್ನು ನಂಬಬಾರದು: ಕೀಟೋನ್ ನೋಡಿ, ಇಂಜೆಕ್ಷನ್ ಪೆನ್ನಿನಿಂದ ಇನ್ಸುಲಿನ್ ಚುಚ್ಚಿ, ಸೆಟ್ ಬದಲಿಸಬೇಕು. ಅದಕ್ಕೇ ಪಂಪ್ ಇದ್ದವರ ಚೀಲದಲ್ಲಿ ಹಳೆಯ ಪೆನ್ನು, ಸೂಜಿ ಯಾವಾಗಲೂ ಇರುತ್ತವೆ.

ಅಡುಗೆಮನೆಗೆ ತಕ್ಕಡಿ ಬರುತ್ತದೆ. ಪಂಪಿಗೆ ಹೇಳಬೇಕಾದ್ದು ಊಟದ ಹೆಸರನ್ನಲ್ಲ, ಅದರಲ್ಲಿರುವ ಕಾರ್ಬೊಹೈಡ್ರೇಟಿನ ಗ್ರಾಂ ಲೆಕ್ಕವನ್ನು. ಒಂದು ಸಾಧಾರಣ ಇಡ್ಲಿಗೆ ಹತ್ತು ಹನ್ನೆರಡು ಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ತಿರುವಿದ ದಪ್ಪ ಮುದ್ದೆಗೆ ಎಪ್ಪತ್ತರ ಹತ್ತಿರ. ದಿನಕ್ಕೆ ಒಟ್ಟು 50 ಯೂನಿಟ್ ಬೇಕಾಗುವವರಿಗೆ ಡಾಕ್ಟರು 500ನ್ನು 50ರಿಂದ ಭಾಗಿಸಿ, ಒಂದು ಯೂನಿಟ್‌ಗೆ 10 ಗ್ರಾಂ ಎಂಬ ಅಂದಾಜಿನಿಂದ ಶುರು ಮಾಡಿಸುತ್ತಾರೆ. ಆ ಲೆಕ್ಕದಲ್ಲಿ ಒಂದು ಮುದ್ದೆಗೆ ಏಳು ಯೂನಿಟ್. ‘ರಾಗಿಯಲ್ಲಿ ಸಕ್ಕರೆ ಇಲ್ಲ’ ಎಂದು ನಂಬಿ ಬಂದ ಮನೆಗಳಿಗೆ ಈ ಲೆಕ್ಕ ಸಣ್ಣ ಆಘಾತ. ಕಣ್ಣಳತೆ, ಕೈಯಳತೆಯಲ್ಲೇ ಅಡುಗೆ ಮಾಡಿದ ಅಜ್ಜಿ ಮೊಮ್ಮಗ ಮುದ್ದೆ ತೂಗುವುದನ್ನು ನೋಡಿ ನಕ್ಕರೂ ಆಶ್ಚರ್ಯವಿಲ್ಲ.

ತಕ್ಕಡಿ ಸೋಲುವುದು ಬಾಳೆಲೆಯ ಮುಂದೆ. ಕೋಸಂಬರಿ, ಪಲ್ಯ ಬಿದ್ದಾಗ ಅನ್ನ ಎಷ್ಟು ಸುತ್ತು ಬರುತ್ತದೋ ಗೊತ್ತಿಲ್ಲ. ತೊವ್ವೆ, ಸಾರು, ಹುಳಿ, ನಡುವೆ ಹೋಳಿಗೆ, ಅದರ ಮೇಲೆ ತುಪ್ಪ, ಬಡಿಸುವವರ ‘ಇನ್ನೊಂದು ಹಾಕ್ಲಾ?’ ಬೇರೆ. ಇಂಜೆಕ್ಷನ್ ಕಾಲದಲ್ಲಿ ಮೊದಲೇ ಊಹಿಸಿ ಚುಚ್ಚಿಕೊಂಡು, ಊಹೆಗೆ ತಕ್ಕಂತೆ ತಿನ್ನಬೇಕಿತ್ತು. ಈಗ ಅನ್ನಕ್ಕೆ ಒಂದು ಬೋಲಸ್, ಹೋಳಿಗೆ ಬಂದರೆ ಇನ್ನೊಂದು. ಪಂಕ್ತಿಯಲ್ಲಿ ಕೂತವರಿಗೆ ಮೊಬೈಲು ಒತ್ತಿದಂತೆ ಕಾಣುತ್ತದೆ, ಅಷ್ಟೆ. ತುಪ್ಪ ಹೊಟ್ಟೆಯನ್ನು ನಿಧಾನ ಮಾಡುವುದರಿಂದ ಶುಗರ್ ಏರುವುದೂ ತಡ. ಅದಕ್ಕೆ ಸ್ವಲ್ಪ ಈಗಲೇ, ಉಳಿದದ್ದು ಎರಡು ಮೂರು ಗಂಟೆಯುದ್ದಕ್ಕೂ ಹಂಚಿ ಬಿಡುವಂತೆ ಪಂಪಿಗೆ ಹೇಳಬಹುದು. ಹೋಳಿಗೆ ತಿಂದು ಎರಡು ಗಂಟೆಗೆ ಶುಗರ್ ಏರಿತೆಂದು ಸಿಟ್ಟಿನಲ್ಲಿ ಮತ್ತೆ ಮತ್ತೆ ಗುಂಡಿ ಒತ್ತುವುದು ಹೊಸಬರ ಮಾಮೂಲಿ ತಪ್ಪು. ಹಿಂದೆ ಕೊಟ್ಟದ್ದು ನಾಲ್ಕು ಗಂಟೆಯವರೆಗೂ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ; ಒಂದರ ಮೇಲೊಂದು ಪೇರಿದರೆ ಸಂಜೆ ಹೊತ್ತಿಗೆ ಕೈ ನಡುಕ, ಬೆವರು, ಮೂರು ಚಮಚ ಸಕ್ಕರೆ ನೀರು.

ಡಬ್ಬಿಯನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬ ಪ್ರಶ್ನೆಯನ್ನು ತಯಾರಕರ ಕೈಪಿಡಿ ಬಗೆಹರಿಸುವುದಿಲ್ಲ. ಪ್ಯಾಂಟಿನ ಜೇಬಿದ್ದವರದು ಸುಖ. ಸೀರೆ ಉಟ್ಟವರು ಲಂಗದ ಅಂಚಿಗೋ ರವಿಕೆಯೊಳಗೋ ಸಿಕ್ಕಿಸುತ್ತಾರೆ. ಚೂಡಿದಾರಿಗೆ ದರ್ಜಿಯಿಂದ ಒಳಜೇಬು ಹೊಲಿಸಿಕೊಳ್ಳುವವರಿದ್ದಾರೆ. ಜೋತುಬಿದ್ದ ನಳಿಕೆ ಬಾಗಿಲ ಚಿಲಕಕ್ಕೆ ಸಿಕ್ಕಿ ಸೆಟ್ಟು ಕಿತ್ತುಬರುವುದು ಪ್ರಪಂಚದ ಎಲ್ಲ ಪಂಪ್ ಬಳಕೆದಾರರ ಸಾಮಾನ್ಯ ಗೋಳು. ಮುಚ್ಚಿಡಬೇಕೋ ತೋರಿಸಬೇಕೋ ಎಂಬುದು ಇನ್ನೊಂದು ಸಂಕಟ. 2014ರಲ್ಲಿ ಅಮೆರಿಕದ ಸಿಯೆರಾ ಸ್ಯಾಂಡಿಸನ್ ಪಂಪನ್ನು ಈಜುಡುಗೆಗೆ ಎದ್ದು ಕಾಣುವಂತೆ ಸಿಕ್ಕಿಸಿಕೊಂಡೇ ವೇದಿಕೆ ಹತ್ತಿ ಮಿಸ್ ಐಡಾಹೊ ಆದಾಗ, ‘ನಿಮ್ಮ ಪಂಪ್ ತೋರಿಸಿ’ ಎಂದು ಸಾವಿರಾರು ಮಂದಿ ಫೋಟೊ ಹಾಕಿದ್ದರು. ಮದುವೆಯ ಮಾತುಕತೆ ನಡೆಯುವ ಮನೆಗಳಲ್ಲಿ ಅಷ್ಟು ಸಲೀಸಿಲ್ಲ.

ನಮ್ಮ ಹವೆ, ನಮ್ಮ ಹಬ್ಬ ಕೂಡ ತಮ್ಮ ಪಾಲಿನ ಪಾಠ ಹೇಳುತ್ತವೆ. ಮಂಗಳೂರಿನ ಬೆವರಿಗೆ ಅಂಟುಪಟ್ಟಿ ಬಿಟ್ಟುಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ, ಪಂಪಿನೊಳಗಿನ ಇನ್ಸುಲಿನ್ 37 ದಾಟಿದರೆ ಎಸೆಯಬೇಕು. ಕರೆಂಟು ಹೋದಾಗ ಬಾಟಲಿಗಳನ್ನು ಒದ್ದೆ ಮರಳಿನ ನಡುವೆ ಮಡಕೆಯಲ್ಲಿಡುವ ಹಳ್ಳಿ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ನರಕ ಚತುರ್ದಶಿಯ ಎಣ್ಣೆ ಸ್ನಾನವಂತೂ ಸೆಟ್ಟಿನ ಶತ್ರು: ಎಣ್ಣೆ ಮೈಗೆ ಯಾವ ಅಂಟೂ ನಿಲ್ಲದು. ತಿಳಿದವರು ಸೆಟ್ ಬದಲಿಸುವ ದಿನವನ್ನೇ ಹಬ್ಬಕ್ಕೆ ಹೊಂದಿಸಿಕೊಂಡು, ಹಳೆಯದನ್ನು ಕಿತ್ತು ನೀರು ಹಾಕಿಕೊಂಡು, ಸೀಗೆಪುಡಿಯಲ್ಲಿ ಎಣ್ಣೆ ಪೂರ್ತಿ ಹೋದ ಮೇಲೆ ಹೊಸದು ಹಾಕುತ್ತಾರೆ. ಹಂಡೆಯ ಮುಂದೆ ಮೈಮರೆತು ಕೂರುವ ಹಾಗಿಲ್ಲ. ಪಂಪ್ ಕಳಚಿ ಒಂದೆರಡು ಗಂಟೆಗಿಂತ ಹೆಚ್ಚು ಇರಬಾರದು.

ಪರೀಕ್ಷಾ ಕೊಠಡಿಯದು ಬೇರೆ ತಾಪತ್ರಯ. ಟೈಪ್ 1 ಮಕ್ಕಳು ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಸಿಬಿಎಸ್‌ಇ 2017ರಲ್ಲಿ ಅನುಮತಿ ಕೊಟ್ಟಿತು. ಪರದೆಯಿರುವ, ಬೀಪ್ ಎನ್ನುವ ಡಬ್ಬಿ ಸೊಂಟದಲ್ಲಿದ್ದರೆ ಮೇಲ್ವಿಚಾರಕರು ಹೌಹಾರುವುದು ತಪ್ಪಿಲ್ಲ, ಡಾಕ್ಟರ ಪತ್ರ ಜೊತೆಗಿರಲೇಬೇಕು.

ದುಡ್ಡಿನ ಮಾತು. ಪಂಪಿನ ಬೆಲೆ ಲಕ್ಷಗಳಲ್ಲಿದೆ. ಅದಕ್ಕಿಂತ ಬಾಧಿಸುವುದು ತಿಂಗಳ ಖರ್ಚು: ಹತ್ತರಿಂದ ಹದಿನೈದು ಸೆಟ್ಟು, ಇನ್ಸುಲಿನ್ ತುಂಬುವ ಅಷ್ಟೇ ಕೊಳವೆ, ಸಕ್ಕರೆ ಅಳೆಯುವ ಸೆನ್ಸರ್ ಬೇಕೆಂದರೆ ಅದೂ, ಇನ್ಸುಲಿನ್ ಹೇಗೂ ಇದ್ದದ್ದೇ. ಇಂಗ್ಲೆಂಡಿನಲ್ಲಿ ಸೆನ್ಸರ್ ಜೋಡಿಸಿದ ಸ್ವಯಂಚಾಲಿತ ಪಂಪನ್ನು ಸರ್ಕಾರಿ ಆರೋಗ್ಯ ಸೇವೆಯೇ ಕೊಡಬೇಕೆಂದು ಅಲ್ಲಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2023ರ ಡಿಸೆಂಬರಿನಲ್ಲಿ ಶಿಫಾರಸು ಮಾಡಿತು. ಇಲ್ಲಿ ಬಹುತೇಕ ಮನೆಗಳು ಸ್ವಂತ ಜೇಬನ್ನೇ ನಂಬಿವೆ. ಮೂರು ದಿನದ ಸೆಟ್ಟನ್ನು ಐದು ದಿನ ಎಳೆಯುವುದು, ಚರ್ಮ ಕೆಂಪಾದರೂ ‘ಇನ್ನೊಂದು ದಿನ’ ಎನ್ನುವುದು ಬಡತನದ ಲೆಕ್ಕಾಚಾರ. ಪಂಪ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಡಬ್ಬಿಯ ಬೆಲೆಯಲ್ಲ, ಮೂರು ವರ್ಷದ ಸೆಟ್ಟಿನ ಬೆಲೆ.

ಕೊಳ್ಳಲಾಗದವರು ಕೊರಗಬೇಕಿಲ್ಲ ಎನ್ನಲು ಒಂದು ಗಟ್ಟಿ ಆಧಾರವಿದೆ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ರಿಪೋಸ್ ಎಂಬ ಪ್ರಯೋಗದಲ್ಲಿ ಪಂಪ್ ಪಡೆದವರಿಗೂ ಇಂಜೆಕ್ಷನ್‌ನಲ್ಲೇ ಉಳಿದವರಿಗೂ ಊಟದ ಲೆಕ್ಕ, ಡೋಸಿನ ಲೆಕ್ಕದ ಒಂದೇ ಬಗೆಯ ತರಬೇತಿ ಕೊಟ್ಟರು. ಎರಡು ವರ್ಷದ ಬಳಿಕ ಸಕ್ಕರೆಯ ಸರಾಸರಿಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಲಾಭದ ದೊಡ್ಡ ಪಾಲು ಕಲಿಕೆಯದಾಗಿತ್ತು. ಲೆಕ್ಕ ಬಾರದವರ ಸೊಂಟದಲ್ಲಿ ಲಕ್ಷದ ಪಂಪ್ ಬರಿಯ ದುಬಾರಿ ಸಿರಿಂಜು.

ಹೊಸ ಪೀಳಿಗೆಯ ಯಂತ್ರಗಳು ಆಟವನ್ನು ಬದಲಿಸಿವೆ ಎಂಬುದೂ ನಿಜ. ತೋಳಿಗೋ ಹೊಟ್ಟೆಗೋ ಅಂಟಿಸಿದ ಸೆನ್ಸರ್ ಚರ್ಮದಡಿಯ ದ್ರವದಲ್ಲಿ ಸಕ್ಕರೆ ಅಳೆದು ಕೆಲವು ನಿಮಿಷಕ್ಕೊಮ್ಮೆ ಪಂಪಿಗೆ ಸುದ್ದಿ ಮುಟ್ಟಿಸುತ್ತದೆ; ಪಂಪ್ ತಾನೇ ಬೇಸಲ್ ಏರಿಸುತ್ತದೆ, ಇಳಿಸುತ್ತದೆ, ನಿಲ್ಲಿಸುತ್ತದೆ. ಅಮೆರಿಕ ಇಂಥ ಮೊದಲ ಯಂತ್ರಕ್ಕೆ 2016ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲೇ ಡೇನಾ ಲೂಯಿಸ್ ಎಂಬ ಬಳಕೆದಾರ್ತಿ ಮನೆಯಲ್ಲೇ ಅದನ್ನು ಕಟ್ಟಿಕೊಂಡಿದ್ದರು. ಆಕೆಯ ತೊಂದರೆ ಬಲು ಸರಳವಾದದ್ದು: ಗಾಢ ನಿದ್ದೆಯಲ್ಲಿ ಸೆನ್ಸರಿನ ಅಲಾರಂ ಕೇಳಿಸುತ್ತಿರಲಿಲ್ಲ. ಜೋರಾದ ಅಲಾರಂ ಮಾಡಲು ಹೊರಟವರು ಸಂಗಾತಿ ಸ್ಕಾಟ್ ಲೀಬ್ರಾಂಡ್ ಜೊತೆ ಪಂಪನ್ನೇ ಆಳುವ ಲೆಕ್ಕಸೂತ್ರ ಬರೆದು, 2015ರಲ್ಲಿ ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಇಂಥ ವ್ಯವಸ್ಥೆಗಳಲ್ಲೂ ಊಟದ ಲೆಕ್ಕವನ್ನು ಸಾಮಾನ್ಯವಾಗಿ ಮನುಷ್ಯರೇ ಹೇಳಬೇಕು. ರಾತ್ರಿಯನ್ನು ಮಾತ್ರ ಯಂತ್ರ ಬಹುಮಟ್ಟಿಗೆ ವಹಿಸಿಕೊಳ್ಳುತ್ತದೆ.

ಬಹುಮಟ್ಟಿಗೆ. ರಾತ್ರಿ ಎರಡೂಕಾಲಿಗೆ ತಾಯಿಯ ದಿಂಬಿನಡಿ ಮೊಬೈಲು ಕಿರುಚುತ್ತದೆ: 58, ಇಳಿಯುತ್ತಿದೆ. ದೀಪ ಹಾಕದೆ ಅಡುಗೆಮನೆಗೆ ಹೋಗಿ ಲೋಟದಲ್ಲಿ ಗ್ಲೂಕೋಸ್ ಕಲಸಿ ತರುತ್ತಾಳೆ. ಮಗ ಎಡ ಮಗ್ಗುಲಾಗಿ ಮಲಗಿದ್ದಾನೆ, ಸೆನ್ಸರ್ ಇರುವ ತೋಳು ಮೈಯಡಿ ಸಿಕ್ಕಿದೆ. ಹಾಗೆ ಅದುಮಿದಾಗ ಸೆನ್ಸರ್ ಇಲ್ಲದ ಕುಸಿತ ತೋರಿಸುತ್ತದೆಂದು ಆಕೆಗೆ ಗೊತ್ತು. ಬೆರಳು ಚುಚ್ಚಿ ನೋಡಿದರೆ 112. ನಿದ್ದೆ ಕೆಡಿಸದೆ ಅವನನ್ನು ಬಲಕ್ಕೆ ಹೊರಳಿಸುತ್ತಾಳೆ. ಐದು ನಿಮಿಷಕ್ಕೆ ಮೊಬೈಲಿನಲ್ಲಿ 74, ಹತ್ತಕ್ಕೆ 101. ಲೋಟಕ್ಕೆ ತಟ್ಟೆ ಮುಚ್ಚಿ, ಹೊದಿಕೆ ಸರಿಸಿ ಪಂಪಿನ ಪರದೆ ನೋಡುತ್ತಾಳೆ. ಸೆನ್ಸರ್ ಹೇಳಿದ್ದನ್ನು ನಂಬಿ ಪಂಪ್ ಇನ್ಸುಲಿನ್ ನಿಲ್ಲಿಸಿ ಕೂತಿದೆ. ಎರಡು ಗುಂಡಿ ಒತ್ತಿ ಅದನ್ನು ಮತ್ತೆ ಶುರು ಮಾಡಿ, ಹೋಗಿ ಮಲಗುತ್ತಾಳೆ.